ಒಂದು ಕಿವಿ ತೆರೆದ ಅಪ್ಪ

ರಾತ್ರಿ ಒಂಬತ್ತೂವರೆಗೆ ಬಾಗಿಲ ಬೆಲ್ ಹೊಡೆದುಕೊಂಡರೆ ಬಂದವನು ಊಟ ತಂದ ಡೆಲಿವರಿ ಹುಡುಗನಿರಬಹುದು, ಹಾರ್ಡ್‌ಡಿಸ್ಕ್ ತಂದ ಅಸಿಸ್ಟೆಂಟ್ ಇರಬಹುದು. ಬೆಂಗಳೂರಿನಲ್ಲಿ ಸಿನಿಮಾ ಎಡಿಟರ್ ಮನೆಯಲ್ಲಿ ಬೆಳೆಯುವ ಮಗುವಿಗೆ ಈ ಎರಡರ ವ್ಯತ್ಯಾಸ ಅ ಆ ಇ ಈ ಕಲಿಯುವ ಮೊದಲೇ ತಿಳಿದಿರುತ್ತದೆ. ಊಟ ಬಂದರೆ ಅಪ್ಪ ತಟ್ಟೆ ಹುಡುಕುತ್ತಾನೆ. ಹಾರ್ಡ್‌ಡಿಸ್ಕ್ ಬಂದರೆ ಒಳಕೋಣೆ ಸೇರುತ್ತಾನೆ. ಮತ್ತೆ ಸಿಗುವುದು ಬೆಳಿಗ್ಗೆ, ಅದೂ ನಿದ್ದೆಗಣ್ಣಲ್ಲಿ.

ಅಂಗೈಯಗಲದ ಆ ಡಬ್ಬಿಯಲ್ಲಿ ಇಡೀ ದಿನದ ಚಿತ್ರೀಕರಣ ಇರುತ್ತದೆ. ಮೊದಲು ಅದನ್ನು ಎರಡು ಕಡೆ ಕಾಪಿ ಮಾಡಬೇಕು, ಸೌಂಡ್ ಜೋಡಿಸಬೇಕು, ಶಾಟ್‌ಗಳನ್ನು ಸ್ಕ್ರಿಪ್ಟಿನ ಕ್ರಮದಲ್ಲಿ ಲೈನ್‌ಅಪ್ ಮಾಡಬೇಕು. ನಾಳೆ ಮಧ್ಯಾಹ್ನ ಸೆಟ್ ಕಿತ್ತುಹಾಕುತ್ತಾರೆ ಅಂದರೆ ನಾಯಕಿ ತಿರುಗಿ ನೋಡುವ ಆ ಒಂದು ಶಾಟ್ ಸಿಕ್ಕಿದೆಯೋ ಇಲ್ಲವೋ ಎಂಬುದು ಇವತ್ತು ರಾತ್ರಿಯೇ ಗೊತ್ತಾಗಬೇಕು. ಸೆಟ್ ಹೋದ ಮೇಲೆ ಗೊತ್ತಾದರೆ ನಿರ್ಮಾಪಕನಿಗೆ ಲಕ್ಷಗಳ ಪೆಟ್ಟು. ಹಾಗಾಗಿ ಮಗು ಕಥೆ ಕೇಳದೆ ಮಲಗುತ್ತದೆ, ಪಕ್ಕದ ಕೋಣೆಯಲ್ಲಿ ಅಪ್ಪ ಇನ್ಯಾರದೋ ಕಥೆ ರಿಪೇರಿ ಮಾಡುತ್ತಿರುತ್ತಾನೆ.

ಇಂಥ ಮನೆಯ ಮಕ್ಕಳು ಅಪ್ಪನ ಹದವನ್ನು ಹೆಡ್‌ಫೋನ್ ನೋಡಿಯೇ ತಿಳಿಯುತ್ತಾರೆ. ಎರಡೂ ಕಿವಿ ಮುಚ್ಚಿದ್ದರೆ ಮಾತಾಡಿ ಪ್ರಯೋಜನವಿಲ್ಲ. ಬಿಂದಿಗೆ ಉರುಳಿದರೂ ಕೇಳಿಸದು. ಕುತ್ತಿಗೆಗೆ ಇಳಿದಿದ್ದರೆ ಫೋನಿನಲ್ಲಿ ಡೈರೆಕ್ಟರ್ ಇದ್ದಾರೆ ಎಂದರ್ಥ, ಹತ್ತಿರ ಸುಳಿಯಬಾರದು. ಒಂದು ಕಿವಿ ಮುಚ್ಚಿ ಇನ್ನೊಂದು ಕಡೆಯದನ್ನು ಹಿಂದಕ್ಕೆ ಸರಿಸಿಕೊಂಡಿದ್ದರೆ ಮಾತ್ರ ಅರ್ಜಿ ಸಲ್ಲಿಸಬಹುದು. ಆ ತೆರೆದ ಕಿವಿಯ ಕಡೆಗೇ ಹೋಗಿ ನಿಂತು, ತಗ್ಗಿದ ದನಿಯಲ್ಲಿ, ಪೆನ್ಸಿಲ್ ಮೊಂಡಾಗಿದೆ ಎಂದೋ, ನಾಳೆ ಶಾಲೆಗೆ ಹಳದಿ ಚಾರ್ಟ್ ಬೇಕು ಎಂದೋ ಹೇಳಬೇಕು. ಅಪ್ಪ ಪರದೆಯಿಂದ ಕಣ್ಣು ಕೀಳದೆ "ಹ್ಞೂಂ" ಅನ್ನುತ್ತಾನೆ. ಈ ಹ್ಞೂಂಗಳಲ್ಲೂ ಎರಡು ಜಾತಿ. ಗಿಡ್ಡ ಹ್ಞೂಂ ಕೇಳಿಸಿಕೊಂಡದ್ದಕ್ಕೆ. ಉದ್ದನೆಯದು ಸುಮ್ಮನೆ ಗಾಳಿಗೆ ಬಿಟ್ಟದ್ದು. ಅದನ್ನು ನಂಬಿ ಕೂತರೆ ಹಳದಿ ಚಾರ್ಟ್ ಬರುವುದಿಲ್ಲ. ಮಕ್ಕಳು ಎರಡನ್ನೂ ಬಿಡಿಸಿ ಹೇಳಬಲ್ಲರು. ಹೆಂಡತಿಗೆ ಇನ್ನೂ ಚೆನ್ನಾಗಿ ಗೊತ್ತು.

ಎದುರುಮನೆಯವರ ಲೆಕ್ಕದಲ್ಲಿ ಮಾತ್ರ ಇವನು ಪುಣ್ಯವಂತ. ಬೆಳಿಗ್ಗೆ ಹನ್ನೊಂದಕ್ಕೆ ಬರ್ಮುಡಾ ಹಾಕಿಕೊಂಡು ಹಾಲು ತರಲು ಹೋಗುವ ಗಂಡಸು ಅವರ ಕಣ್ಣಿಗೆ ಬೀಳುತ್ತಾನೆ. ಹಿಂದಿನ ರಾತ್ರಿ ಮೂರರವರೆಗೆ ಉರಿದ ಕೋಣೆಯ ದೀಪ ಬೀಳುವುದಿಲ್ಲ. ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್ ಕಾಲದ ಬೆಂಗಳೂರಿನ ಅಪ್ಪನಿಗೆ ಶಿಫ್ಟ್ ಎಂಬುದೊಂದಿತ್ತು. ಕಂಪನಿ ಬಸ್ಸು ಇಳಿದು ಮನೆಗೆ ಬಂದವನನ್ನು ಲೇತ್ ಮಷಿನ್ ಹಿಂಬಾಲಿಸಿಕೊಂಡು ಬರುತ್ತಿರಲಿಲ್ಲ. ಈಗಿನ ಸೀರಿಯಲ್ ಲೇಖಕನನ್ನು ಸೀನ್ ಪೇಪರ್ ಬಚ್ಚಲಮನೆಯ ತನಕ ಅಟ್ಟಿಸಿಕೊಂಡು ಹೋಗುತ್ತದೆ. ಚಾನೆಲ್ ಕೇಳುವ ಎಪಿಸೋಡ್ ಬ್ಯಾಂಕಿಂಗ್ (ಮೊದಲೇ ಮುಗಿಸಿಟ್ಟ ಕಂತುಗಳ ದಾಸ್ತಾನು) ಕರಗಿತು ಅಂದರೆ ಅತ್ತೆ-ಸೊಸೆ ಜಗಳದ ಮುಂದಿನ ಕಂತನ್ನು ಮಗಳ ಹುಟ್ಟುಹಬ್ಬದ ಕೇಕ್ ಮುಂದೆ ನಿಂತೇ ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡಿ ಸ್ಪಾಟ್‌ಗೆ ಕಳಿಸಬೇಕು. ಹಾಲಿವುಡ್ ಚಿತ್ರಗಳಿಗೆ ವಿಎಫ್‌ಎಕ್ಸ್ ಮಾಡುವವನಿಗೆ ಲಾಸ್ ಏಂಜಲೀಸ್‌ನಲ್ಲಿ ಬೆಳಕು ಹರಿದಾಗ ಇಲ್ಲಿ ಮೀಟಿಂಗ್. ಜಾಹೀರಾತಿನವನಿಗೆ ಪಿಚ್, ಗೇಮ್ ಡಿಸೈನರ್‌ಗೆ ಡೆಡ್‌ಲೈನ್, ಸೌಂಡ್‌ನವನಿಗೆ ರೀರೆಕಾರ್ಡಿಂಗ್. ಹೆಸರು ಬೇರೆ ಬೇರೆ, ರೋಗ ಒಂದೇ.

ಹಿಂದಿನವರು ಏನು ಮಾಡುತ್ತಿದ್ದರು? ಅವರಲ್ಲಿ ಹೆಚ್ಚಿನವರಿಗೆ ಒಂದು ಬಾಗಿಲಿತ್ತು, ಆ ಬಾಗಿಲನ್ನು ಕಾಯಲು ಒಬ್ಬ ಹೆಂಡತಿ ಇದ್ದಳು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಬರೆಯುತ್ತಿದ್ದ ವರ್ಷಗಳಲ್ಲೇ ಮನೆಯಲ್ಲಿ ಮಕ್ಕಳು ಅಂಬೆಗಾಲಿಡುತ್ತಿದ್ದರು. ಹಿರಿಯ ಮಗ ತೇಜಸ್ವಿ ಹುಟ್ಟಿದ್ದು 1938ರಲ್ಲಿ, ಮಹಾಕಾವ್ಯ ಅಚ್ಚಾಗಿ ಬಂದದ್ದು 1949ರಲ್ಲಿ. ನಡುವಿನ ಹನ್ನೊಂದು ವರ್ಷದ ಹಾಲು, ಜ್ವರ, ಹಟ, ಒದ್ದೆಬಟ್ಟೆಗಳ ಲೆಕ್ಕ ಸಾಹಿತ್ಯ ಚರಿತ್ರೆಯಲ್ಲಿ ಇಲ್ಲ. ಅದು ಹೆಂಡತಿ ಹೇಮಾವತಿಯವರ ಖಾತೆ. ಆದರೂ ಕುವೆಂಪು ಕೋಣೆಯೊಳಗೇ ಕಳೆದುಹೋದ ಅಪ್ಪನಾಗಲಿಲ್ಲ ಎಂಬುದಕ್ಕೆ ಸಾಕ್ಷಿ ಮಕ್ಕಳೇ ಬರೆದಿಟ್ಟಿದ್ದಾರೆ. ತೇಜಸ್ವಿಯವರ 'ಅಣ್ಣನ ನೆನಪು' 1996ರಲ್ಲಿ ಬಂತು, ತಾರಿಣಿಯವರು 'ಮಗಳು ಕಂಡ ಕುವೆಂಪು' ಬರೆದರು. ಮಕ್ಕಳ ಬಾಯಲ್ಲಿ ಅಪ್ಪ 'ಅಣ್ಣ'. 'ಅಣ್ಣನ ನೆನಪು' ಓದಿದವರ ಮನಸ್ಸಿನಲ್ಲಿ ಉಳಿಯುವುದು ಸನ್ಮಾನಗಳ ಕುವೆಂಪು ಅಲ್ಲ. ಹದ್ದುಮೀರಿದ ಮಗನನ್ನು ಅವನ ಪಾಡಿಗೆ ಬೆಳೆಯಬಿಟ್ಟ ಅಪ್ಪ. 1966ರಲ್ಲಿ ಆ ಮಗನ ಮದುವೆಗೆಂದು ಅವರು ಬರೆದುಕೊಟ್ಟ ಸರಳ ವಿವಾಹ ಸಂಹಿತೆ 'ಮಂತ್ರ ಮಾಂಗಲ್ಯ' ಇವತ್ತಿಗೂ ಕರ್ನಾಟಕದ ಎಷ್ಟೋ ಮದುವೆಗಳಲ್ಲಿ ಓದಿಸಿಕೊಳ್ಳುತ್ತಿದೆ. ಅಪ್ಪನಾಗಿ ಮಾಡಿದ ಕೆಲಸವೂ ಕವಿಯಾಗಿ ಮಾಡಿದ ಕೆಲಸವೂ ಅಲ್ಲಿ ಒಂದೇ ಹಾಳೆಯ ಮೇಲಿವೆ.

ಶಿವರಾಮ ಕಾರಂತರ ಮನೆಯ ವರದಿಯೂ ಬಂದಿದೆ. ಉಲ್ಲಾಸ ಕಾರಂತ, ಮಾಳವಿಕಾ ಕಪೂರ್, ಕ್ಷಮಾ ರಾವ್ ಮೂವರೂ ಸೇರಿ ಅಪ್ಪನೊಂದಿಗೆ ಬೆಳೆದ ಕಥೆಯನ್ನು 2021ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ತಂದರು. ಕಲೆಯ ಕಸುಬಿನ ಅಪ್ಪಂದಿರಿಗೆ ಇರುವ ಒಂದು ವಿಶೇಷ ಅಪಾಯ ಇದು. ಬ್ಯಾಂಕ್ ಮ್ಯಾನೇಜರ್ ಮನೆಗೆ ತಡವಾಗಿ ಬಂದರೆ ಮನೆಯವರಿಗಷ್ಟೇ ಗೊತ್ತು. ಕಾದಂಬರಿಕಾರ ತಡವಾಗಿ ಬಂದರೆ ಮೂವತ್ತು ವರ್ಷ ಬಿಟ್ಟು ಅದು ಎರಡನೇ ಮುದ್ರಣ ಕಾಣುತ್ತದೆ.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬರೆಯುವುದು ಗಂಡಸು ಮಾಡಿದರೆ ಪತ್ರಿಕೆಯಲ್ಲಿ ಲೇಖನವಾಗುತ್ತದೆ, ಹೆಂಗಸು ಮಾಡಿದರೆ ಅದು ಸಂಸಾರ. ಎಂ.ಕೆ. ಇಂದಿರಾ ಅವರ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ. ಅದೇ ವರ್ಷ ತ್ರಿವೇಣಿ ಹೆಣ್ಣುಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಮನಸ್ಸು ಒಡೆಯುವುದನ್ನು 'ಶರಪಂಜರ'ದಲ್ಲಿ ಬರೆದಿದ್ದವರು ಅವರು. ವಯಸ್ಸು ಇನ್ನೂ ಮೂವತ್ತೈದೂ ತುಂಬಿರಲಿಲ್ಲ. ಈ ಎರಡು ಹೆಸರುಗಳ ಎದುರು ನಿಂತು ಯಾವ ಗಂಡಸೂ ಮಗುವಿನ ದೆಸೆಯಿಂದ ತನ್ನ ಸ್ಕ್ರಿಪ್ಟ್ ನಿಂತಿದೆ ಎಂದು ಗೊಣಗಬಾರದು. ಗೊಣಗಿದರೂ ಸಣ್ಣ ದನಿಯಲ್ಲಿ ಗೊಣಗಬೇಕು.

ಬಾಗಿಲು ಕಾಯುವವಳು ಇದ್ದಕ್ಕಿದ್ದಂತೆ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ಒಂದು ಕಥೆಯಿದೆ.

1939ರಲ್ಲಿ ಆರ್.ಕೆ. ನಾರಾಯಣ್ ಅವರ ಹೆಂಡತಿ ರಾಜಂ ಟೈಫಾಯ್ಡ್‌ನಿಂದ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು ಹೇಮಾ. ಅಷ್ಟು ಹೊತ್ತಿಗೆ ನಾರಾಯಣ್ ಅವರ ಮೂರು ಕಾದಂಬರಿಗಳು ಲಂಡನ್ನಿನಲ್ಲಿ ಅಚ್ಚಾಗಿದ್ದವು: 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್', 1937ರಲ್ಲಿ 'ದಿ ಬ್ಯಾಚುಲರ್ ಆಫ್ ಆರ್ಟ್ಸ್', 1938ರಲ್ಲಿ 'ದಿ ಡಾರ್ಕ್ ರೂಮ್'. ಹೆಸರು ಬಂದಿತ್ತು, ಹಣ ಬಂದಿರಲಿಲ್ಲ. ಸಂಬಳವಿಲ್ಲ, ಪಿಂಚಣಿಯಿಲ್ಲ, ಪತ್ರಿಕೆಗೆ ಬರೆದದ್ದಕ್ಕೆ ಬಂದಷ್ಟೇ ಬಂತು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಫ್ರೀಲ್ಯಾನ್ಸರ್. ಹೆಂಡತಿ ಸತ್ತ, ಮೂವತ್ತೆರಡು ವರ್ಷದ, ಮಗುವಿರುವ ಫ್ರೀಲ್ಯಾನ್ಸರ್.

ಆ ಕಾಲದ ನಡವಳಿಕೆ ನೋಡಿದರೆ ವರ್ಷದೊಳಗೆ ಇನ್ನೊಂದು ಮದುವೆ ಆಗಬೇಕಿತ್ತು. ನಾರಾಯಣ್ ಆಗಲಿಲ್ಲ, ಕೊನೆಯವರೆಗೂ ಆಗಲಿಲ್ಲ. ಲಕ್ಷ್ಮೀಪುರಂನ ಮನೆಯಲ್ಲಿ ತಾಯಿ ಇದ್ದರು, ಅಣ್ಣತಮ್ಮಂದಿರ ಸಂಸಾರಗಳಿದ್ದವು, ಮುಂದೆ ವ್ಯಂಗ್ಯಚಿತ್ರಗಳಿಂದ ದೇಶವನ್ನೇ ನಗಿಸಿದ ತಮ್ಮ ಲಕ್ಷ್ಮಣ್ ಇದ್ದರು. ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಬೆಳೆಯಿತು. ಒಟ್ಟು ಕುಟುಂಬವೆಂದರೆ ನಮಗೆ ಈಗ ವಾಟ್ಸ್‌ಆ್ಯಪ್ ಗ್ರೂಪು; ಆಗ ಅದು ಬಿಟ್ಟಿ ಶಿಶುವಿಹಾರ. ಅದಿಲ್ಲದೆ ನಾರಾಯಣ್ ಕಥೆ ಬೇರೆಯೇ ಆಗುತ್ತಿತ್ತು ಎಂಬುದನ್ನು ಒಪ್ಪಬೇಕು. ಆದರೆ ಅವರು ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ತಾವು ಬರಹಕ್ಕೆ ಎದ್ದುಹೋದವರಲ್ಲ. ಒಂದಷ್ಟು ಕಾಲ ಬರೆಯುವುದೇ ಆಗಲಿಲ್ಲ. 1938ರ ಕಾದಂಬರಿಯ ನಂತರ ಮುಂದಿನದು ಬಂದದ್ದು 1945ರಲ್ಲಿ, 'ದಿ ಇಂಗ್ಲಿಷ್ ಟೀಚರ್'. ಅದರಲ್ಲಿ ಕಾಲೇಜು ಮೇಷ್ಟ್ರು ಕೃಷ್ಣನ ಹೆಂಡತಿ ಸುಶೀಲಾ ಟೈಫಾಯ್ಡ್‌ನಿಂದ ಸಾಯುತ್ತಾಳೆ, ಲೀಲಾ ಎಂಬ ಮಗು ಉಳಿಯುತ್ತದೆ. ಮಗುವಿಗೆ ತಾನೇ ಸ್ನಾನ ಮಾಡಿಸಿ, ಶಾಲೆಗೆ ಕಳಿಸಿ, ಅದು ಬರುವ ಹೊತ್ತಿಗೆ ಕಾಯುವ ಗಂಡಸೊಬ್ಬ ಭಾರತೀಯ ಕಾದಂಬರಿಗೆ ನಡೆದು ಬಂದದ್ದು ಹೀಗೆ. ಕೃಷ್ಣ ಕೊನೆಗೆ ಕಾಲೇಜಿನ ಸಂಬಳ ಬಿಟ್ಟು ಪುಟ್ಟ ಮಕ್ಕಳ ಶಾಲೆಯ ದಾರಿ ಹಿಡಿಯುತ್ತಾನೆ. ನಾರಾಯಣ್ ಬರೆದುದರಲ್ಲಿ ಅವರ ಬದುಕಿಗೆ ಅತಿ ಹತ್ತಿರದ ಪುಸ್ತಕ ಇದೇ.

ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ, ಯಾರು ಬೇಕಾದರೂ ಹೋಗಿ ನೋಡಬಹುದು. ಮಹಡಿಯ ಮೇಲೆ ಎಂಟು ಕಿಟಕಿಗಳ ಬರೆಯುವ ಕೋಣೆ. ನಿಂತು ನೋಡಿದರೆ ಯಾವ ಬರಹಗಾರನಿಗೂ ಹೊಟ್ಟೆಯುರಿ ಬರುವಂಥ ಜಾಗ. ಆದರೆ ಅದು ಎದ್ದು ನಿಲ್ಲುವ ಹೊತ್ತಿಗೆ ಮಗಳು ಹೆಚ್ಚುಕಡಿಮೆ ಬೆಳೆದು ನಿಂತಿದ್ದಳು. ಎಳೆಗೂಸಿನ ಕಾಲದ ಬರಹವೆಲ್ಲ ತುಂಬಿದ ಮನೆಯ ಗದ್ದಲದಲ್ಲೇ ಮುಗಿದಿತ್ತು. 1956ರಲ್ಲಿ ಹೇಮಾಳ ಮದುವೆಯಾಯಿತು. ಅದೇ ವರ್ಷ ನಾರಾಯಣ್ ಮೊದಲ ಸಲ ಅಮೆರಿಕಕ್ಕೆ ಹೊರಟರು, ಬರ್ಕ್ಲಿಯ ಹೋಟೆಲ್ ಕೋಣೆಯಲ್ಲಿ ಕೂತು 'ದಿ ಗೈಡ್' ಬರೆದರು. ಪುಸ್ತಕ 1958ರಲ್ಲಿ ಬಂತು, 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದಿತು. ಮಗಳನ್ನು ಸಾಕುತ್ತಲೇ ಕಳೆದ ಹದಿನೇಳು ವರ್ಷ ಅವರ ಬರಹವನ್ನು ತಿಂದುಹಾಕಲಿಲ್ಲ. ತಡಮಾಡಿತು, ಅಷ್ಟೇ.

ಇಂಗ್ಲೆಂಡಿನ ಕಾದಂಬರಿಕಾರ ಜೆ.ಜಿ. ಬಲಾರ್ಡ್‌ಗೆ ಅಜ್ಜಿಯ ಮಡಿಲೂ ಇರಲಿಲ್ಲ. 1964ರಲ್ಲಿ ಸ್ಪೇನಿಗೆ ರಜೆ ಕಳೆಯಲು ಹೋಗಿದ್ದಾಗ ಹೆಂಡತಿ ಮೇರಿ ನ್ಯುಮೋನಿಯಾದಿಂದ ತೀರಿಕೊಂಡಳು. ಮೂರು ಚಿಕ್ಕ ಮಕ್ಕಳನ್ನು ಕರೆದುಕೊಂಡು ಬಲಾರ್ಡ್ ಲಂಡನ್ ಪಕ್ಕದ ಶೆಪರ್ಟನ್‌ನ ತನ್ನ ಸಣ್ಣ ಮನೆಗೆ ವಾಪಸು ಬಂದ, ಅಲ್ಲೇ ಒಬ್ಬನೇ ಬೆಳೆಸಿದ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಮೇಲೆ ಬರವಣಿಗೆ, ಅವರು ಬರುವ ಹೊತ್ತಿಗೆ ಮುಕ್ತಾಯ. ಬೆಳಿಗ್ಗೆಯೇ ಒಂದು ಗ್ಲಾಸ್ ವಿಸ್ಕಿಯನ್ನೂ ಸೇರಿಸಿಕೊಳ್ಳುತ್ತಿದ್ದ ಎಂಬುದನ್ನು ಅವನೇ ಹೇಳಿಕೊಂಡಿದ್ದಾನೆ. ಅದನ್ನು ಮಾದರಿಯಾಗಿ ತೆಗೆದುಕೊಳ್ಳಬೇಕಾಗಿಲ್ಲ. ತಮಾಷೆಯೆಂದರೆ ಈ ವೇಳಾಪಟ್ಟಿಯಲ್ಲಿ ಹುಟ್ಟಿದ್ದು ಮಕ್ಕಳ ಕಥೆಗಳಲ್ಲ. ಕಾರು ಅಪಘಾತಗಳಲ್ಲಿ ಕಾಮ ಕಾಣುವ 'ಕ್ರ್ಯಾಶ್' 1973ರಲ್ಲಿ, ಬಹುಮಹಡಿ ಕಟ್ಟಡದ ನಿವಾಸಿಗಳು ಪರಸ್ಪರ ಕಚ್ಚಾಡಿ ಕಾಡುಮನುಷ್ಯರಾಗುವ 'ಹೈ-ರೈಸ್' 1975ರಲ್ಲಿ. ಇಂಥ ಪುಸ್ತಕ ಬರೆದವನನ್ನು ಓದುಗರು ಎಂಥ ವಿಕಾರ ಮನುಷ್ಯ ಎಂದು ಊಹಿಸಿಕೊಂಡರೋ, ಅವನು ಶಾಲೆಯ ಗೇಟಿನ ಮುಂದೆ ಮಕ್ಕಳಿಗಾಗಿ ನಿಂತ ಅಪ್ಪನಾಗಿದ್ದ. 2008ರ ಆತ್ಮಕಥೆಯಲ್ಲಿ ಅವನು ತನ್ನ ಮಕ್ಕಳ ಬಗ್ಗೆ ಬರೆದಿರುವುದನ್ನು ಓದಿದರೆ, ಬರಹಕ್ಕೆ ಅಡ್ಡ ಬಂದವರ ಬಗ್ಗೆ ಬರೆದಂತೆ ಕಾಣುವುದಿಲ್ಲ. ತನ್ನನ್ನು ಉಳಿಸಿದವರ ಬಗ್ಗೆ ಬರೆದಂತಿದೆ.

ಬಲಾರ್ಡ್‌ಗೂ ನಾರಾಯಣ್‌ಗೂ ಸಿಕ್ಕಿದ್ದು ಒಂದೇ: ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಎಂಬ ಖಾತ್ರಿ. ಶಾಲೆಯ ಗಂಟೆ ಬಾರಿಸುವ ಸಮಯ ದಿನವೂ ಒಂದೇ. ನಮ್ಮ ಎಡಿಟರ್ ಅಪ್ಪನಿಗೆ ಇಲ್ಲದಿರುವುದು ಅದೊಂದೇ. ಅವನಿಗೆ ಪ್ರೀತಿಯ ಕೊರತೆಯಿಲ್ಲ, ಕೆಲಸದ ಶ್ರದ್ಧೆಗೂ ಕೊರತೆಯಿಲ್ಲ. ನಾಳೆ ಯಾವಾಗ ಮನೆಯಲ್ಲಿರುತ್ತೇನೆ ಎಂದು ಇವತ್ತು ಹೇಳಲು ಬರುವುದಿಲ್ಲ.

ಜಪಾನಿನ ಅನಿಮೇಷನ್ ನಿರ್ದೇಶಕ ಹಯಾವೋ ಮಿಯಾಝಾಕಿಯ ಮನೆಯ ಕಥೆ ತಿರುವುಮುರುವು. 1988ರ 'ನನ್ನ ನೆರೆಯ ಟೊಟೊರೊ'ದಲ್ಲಿ ಒಬ್ಬ ಅಪ್ಪನಿದ್ದಾನೆ. ಹೆಂಡತಿ ಆಸ್ಪತ್ರೆಯಲ್ಲಿ, ಇಬ್ಬರು ಹೆಣ್ಣುಮಕ್ಕಳು ಮನೆಯಲ್ಲಿ, ತಾನು ಪುಸ್ತಕಗಳ ರಾಶಿಯ ನಡುವೆ. ಕಿರಿಯವಳಾದ ಮೇ, ಹೂವುಗಳನ್ನು ತಂದು ಅವನ ಮೇಜಿನ ಮೇಲೆ ಒಂದೊಂದಾಗಿ ಜೋಡಿಸುತ್ತಾಳೆ. ಅವನು ಗದರುವುದಿಲ್ಲ, ಎದ್ದೂ ಹೋಗುವುದಿಲ್ಲ. ಒಂದು ಕಿವಿ ತೆರೆದ ಅಪ್ಪನಿಗೆ ಸಿನಿಮಾದಲ್ಲಿ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. ಆ ಚಿತ್ರ ಬಿಡಿಸಿದವನ ಸ್ವಂತ ಮಗ ಗೊರೊ ಮಾತ್ರ, ತಾನೂ ನಿರ್ದೇಶಕನಾಗಿ 2006ರಲ್ಲಿ ಮೊದಲ ಸಿನಿಮಾ ತೆಗೆಯುವಾಗ, ಅಪ್ಪನಿಗೆ ತಂದೆಯ ವಿಷಯದಲ್ಲಿ ಸೊನ್ನೆ, ನಿರ್ದೇಶನದಲ್ಲಿ ಪೂರ್ತಿ ಅಂಕ ಎಂಬರ್ಥದಲ್ಲಿ ಬಹಿರಂಗವಾಗಿ ಬರೆದ. ಚಿಕ್ಕಂದಿನಲ್ಲಿ ಅಪ್ಪ ಮನೆಯಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ ಅವನ ಸಿನಿಮಾಗಳನ್ನು ನೋಡಿಯೇ ಅವನನ್ನು ಅರ್ಥ ಮಾಡಿಕೊಂಡೆ ಎಂಬುದು ಗೊರೊನ ಮಾತಿನ ಸಾರ. ಕೋಟ್ಯಂತರ ಮಕ್ಕಳಿಗೆ ಟೊಟೊರೊ ಸಿಕ್ಕಿತು. ಒಬ್ಬನಿಗೆ ಅಪ್ಪ ಸಿಗಲಿಲ್ಲ. ಕಲೆಗಾಗಿ ಇಂಥದ್ದೆಲ್ಲ ಸಹಜ ಎಂದು ತೂಗಿಸಿ ಮಾತಾಡುವವರಿದ್ದಾರೆ. ತಕ್ಕಡಿಯನ್ನು ಹಿಡಿಯಬೇಕಾದವನು ಗೊರೊ, ಅಭಿಮಾನಿಗಳಲ್ಲ.

ಕೆಲಸ ಮತ್ತು ಮಗು ಎರಡನ್ನೂ ಒಟ್ಟಿಗೆ ಸಂಭಾಳಿಸಲು ಇನ್ನೊಂದು ಅಡ್ಡದಾರಿಯಿದೆ. ಮಗುವನ್ನೇ ಕೆಲಸ ಮಾಡಿಕೊಂಡುಬಿಡುವುದು.

ಲೇಖಕ ಎ.ಎ. ಮಿಲ್ನ್ ಮಾಡಿದ್ದು ಅದನ್ನೇ. 1920ರಲ್ಲಿ ಹುಟ್ಟಿದ ಮಗ ಕ್ರಿಸ್ಟೋಫರ್ ರಾಬಿನ್‌ನ ಹೆಸರನ್ನೂ, ಅವನ ಗೊಂಬೆಕರಡಿಯನ್ನೂ ಎತ್ತಿಕೊಂಡು 1926ರಲ್ಲಿ 'ವಿನ್ನಿ ದ ಪೂ' ಬರೆದ. ಪುಸ್ತಕ ಲೋಕವನ್ನೇ ಗೆದ್ದಿತು. ಹುಡುಗ ವಸತಿ ಶಾಲೆಗೆ ಹೋದಾಗ ಸಹಪಾಠಿಗಳು ಅವನ ಮೇಲಿನ ಪದ್ಯದ ಗ್ರಾಮಫೋನ್ ಪ್ಲೇಟ್ ಹಾಕಿ ಹಾಕಿ ಗೇಲಿ ಮಾಡಿದರು. ಮುಂದೆ ಡಾರ್ಟ್‌ಮತ್ ಎಂಬ ಊರಿನಲ್ಲಿ ಪುಸ್ತಕದ ಅಂಗಡಿ ನಡೆಸುತ್ತಾ, 1974ರಲ್ಲಿ ಆತ್ಮಕಥೆ ಬರೆದು, ಅಪ್ಪ ತನ್ನ ಬಾಲ್ಯವನ್ನು ಮಾರಾಟಕ್ಕಿಟ್ಟ ನೋವನ್ನು ಅದರಲ್ಲಿ ಇಳಿಸಿದ. ಮಿಲ್ನ್‌ಗೆ ಕೊನೇ ಪಕ್ಷ ಬರೆಯಲು ವರ್ಷ ಹಿಡಿಯಿತು. ಈಗಿನ ಅಪ್ಪನಿಗೆ ಮಗುವಿನ ಮೊದಲ ತೊದಲು ರೀಲ್ಸ್ ಆಗಲು ಅರ್ಧ ನಿಮಿಷ ಸಾಕು. ಅಳುತ್ತಿರುವ ಮಗುವಿಗೆ "ಇನ್ನೊಂದ್ಸಲ ಅಳು ಪುಟ್ಟಾ, ಲೈಟ್ ಸರಿ ಇರ್ಲಿಲ್ಲ" ಎನ್ನುವ ತಂದೆಯನ್ನು ಯಾವ ವಿಭಾಗಕ್ಕೆ ಸೇರಿಸಬೇಕು?

ಸಿನಿಮಾದಲ್ಲಿ ದುಡಿಯುವ ಮಕ್ಕಳಿಗೆ ನಮ್ಮಲ್ಲಿ ಕಾನೂನಿದೆ. 2017ರ ತಿದ್ದುಪಡಿ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸಂಪಾದನೆಯಲ್ಲಿ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಮನೆಯ ಹಾಲ್‌ನಲ್ಲಿ ಅಪ್ಪನೇ ಕ್ಯಾಮೆರಾ ಹಿಡಿದರೆ ಗಂಟೆ ಎಣಿಸಲು ಯಾರೂ ಬರುವುದಿಲ್ಲ. ಫ್ರಾನ್ಸ್ 2020ರ ಅಕ್ಟೋಬರ್‌ನಲ್ಲೇ ಇದಕ್ಕೊಂದು ಕಾಯ್ದೆ ತಂದಿತು: 16ರೊಳಗಿನ ಮಕ್ಕಳ ವಿಡಿಯೋದಿಂದ ಬರುವ ಆದಾಯ ಮಗುವಿನ ಖಾತೆಗೆ ಹೋಗಬೇಕು, ತನ್ನ ವಿಡಿಯೋ ತೆಗೆಸಿಹಾಕುವ ಹಕ್ಕು ಮಗುವಿಗೇ ಇರಬೇಕು.

ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಎನ್ನಲಾಗದು. 1976ರ 'ಪ್ರೇಮದ ಕಾಣಿಕೆ'ಯಲ್ಲಿ ಆರು ತಿಂಗಳ ಕೂಸಾಗಿ ತೆರೆಗೆ ಬಂದ ಪುನೀತ್, 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಬಾಲನಟನಾಗಿ ಬೆಳೆದದ್ದು ಅಪ್ಪ ರಾಜ್‌ಕುಮಾರ್ ಜೊತೆಗೆ ಸೆಟ್ಟಿನಲ್ಲೇ. ಅಪ್ಪ ಕೆಲಸಕ್ಕೆ ಹೋಗುವಾಗ ಅಳುವ ಬದಲು ಅವರು ಜೊತೆಗೇ ಹೋದರು. ಆದರೆ ಆ ಸೆಟ್ಟುಗಳ ಹಿಂದೆ ತಾಯಿ ಪಾರ್ವತಮ್ಮನವರ ಸ್ವಂತ ನಿರ್ಮಾಣ ಸಂಸ್ಥೆಯಿತ್ತು, ಇಡೀ ಬಂಧುಬಳಗವಿತ್ತು. ಅಸಿಸ್ಟೆಂಟ್ ಕ್ಯಾಮೆರಾಮನ್ ತನ್ನ ಮೂರು ವರ್ಷದ ಮಗಳನ್ನು ನೈಟ್ ಶೂಟಿಗೆ ಕರೆತಂದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಗಂಡಸರು ನಿಜಕ್ಕೂ ಎಷ್ಟು ಮಾಡುತ್ತಿದ್ದಾರೆ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ. 41 ಮಂದಿ ಮನೆಯವರ ಆರೈಕೆಯಲ್ಲಿ ದಿನಕ್ಕೆ ಸರಾಸರಿ 140 ನಿಮಿಷ ಕಳೆದರೆ, ಗಂಡಸರಲ್ಲಿ ಶೇ. 21.4 ಮಂದಿ 74 ನಿಮಿಷ ಕಳೆಯುತ್ತಾರೆ. ಅಂದರೆ ಐವರಲ್ಲಿ ನಾಲ್ವರು ಗಂಡಸರು ಲೆಕ್ಕಕ್ಕೇ ಬರುವುದಿಲ್ಲ, ಬರುವವನು ಒಂದೂಕಾಲು ಗಂಟೆಗೆ ಎದ್ದು ಹೋಗುತ್ತಾನೆ. ಇದರಲ್ಲಿ ಸೋಮಾರಿತನದ ಪಾಲೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ರಜೆಯ ಪಾಲೂ ಇದೆ. ಕೇಂದ್ರ ಸರ್ಕಾರಿ ನೌಕರನಿಗೆ ಮೊದಲ ಎರಡು ಮಕ್ಕಳ ಮಟ್ಟಿಗೆ 15 ದಿನಗಳ ಪಿತೃತ್ವ ರಜೆ ಸಿಗುತ್ತದೆ. ತಾಯಂದಿರಿಗೆ 2017ರಿಂದ 26 ವಾರ. ಖಾಸಗಿ ಕಂಪನಿಯ ಅಪ್ಪ ಕಂಪನಿಯ ಔದಾರ್ಯ ನಂಬಿಕೊಳ್ಳಬೇಕು, ಕಾನೂನಿನ ಬಲವಿಲ್ಲ. ದಿನಗೂಲಿ, ಶಿಫ್ಟ್ ಲೆಕ್ಕ, ಪ್ರಾಜೆಕ್ಟ್ ಲೆಕ್ಕದಲ್ಲಿ ದುಡಿಯುವ ಲೈಟ್‌ಮನ್, ಎಡಿಟರ್, ಡಬ್ಬಿಂಗ್ ಕಲಾವಿದನಿಗೆ ರಜೆಯೆಂದರೆ ಆ ದಿನದ ಪೇಮೆಂಟ್ ಖೋತಾ. ಮಗು ಹುಟ್ಟಿದ ವಾರ ಕೈಯಲ್ಲಿದ್ದ ಸಿನಿಮಾ ಬಿಟ್ಟರೆ ಮುಂದಿನದಕ್ಕೆ ಬೇರೆಯವನ ಹೆಸರು ಓಡಾಡುತ್ತದೆ.

ರಜೆ ಕೊಟ್ಟ ಕೂಡಲೇ ಗಂಡಸರು ಸಾಲುಗಟ್ಟಿ ಬರುತ್ತಾರೆ ಎಂದೂ ಅಲ್ಲ. ತಾಯಿಗಷ್ಟೇ ಇದ್ದ ರಜೆಯನ್ನು ಅಪ್ಪನಿಗೂ ತೆರೆದ ಮೊದಲ ದೇಶ ಸ್ವೀಡನ್, 1974ರಲ್ಲಿ. ಆರಂಭದಲ್ಲಿ ತೆಗೆದುಕೊಂಡವರು ಬೆರಳೆಣಿಕೆ. ಸರ್ಕಾರ ಆ ದಶಕದಲ್ಲೇ ಒಂದು ಪೋಸ್ಟರ್ ಮಾಡಿಸಿತು: ವೇಟ್‌ಲಿಫ್ಟರ್ ಲೆನ್ನಾರ್ಟ್ ದಾಲ್‌ಗ್ರೆನ್, ಆ ದೈತ್ಯ ತೋಳುಗಳಲ್ಲಿ ಬೆಣ್ಣೆಮುದ್ದೆಯಂಥ ಕೂಸು. ಪೋಸ್ಟರ್ ಮನೆಮಾತಾಯಿತು. ಆದರೆ ಅಪ್ಪಂದಿರನ್ನು ನಿಜಕ್ಕೂ ಮನೆಗೆ ಕಳಿಸಿದ್ದು, ಬಳಸದಿದ್ದರೆ ಮುರಿದುಹೋಗುವ, ಹೆಂಡತಿಗೆ ದಾಟಿಸಲಾಗದ ರಜೆ. ಈಗ ಅಲ್ಲಿ ಪ್ರತಿ ಮಗುವಿಗೆ ಸಿಗುವ 480 ದಿನಗಳ ರಜೆಯಲ್ಲಿ 90 ದಿನ ಅಪ್ಪನಿಗೇ ಮೀಸಲು.

ಇಷ್ಟೆಲ್ಲ ಓಡಾಡಿ ಬಂದ ಮೇಲೆ ಒಂದು ತೀರ್ಪು ಹೇಳಬಹುದು. ಮಗುವಿನ ಶತ್ರು ಕಲೆಯಲ್ಲ. ಬರೆಯುವವನು, ಬಿಡಿಸುವವನು, ಕತ್ತರಿಸುವವನು ಮನೆಯ ಗದ್ದಲದಲ್ಲೂ ಕೆಲಸ ಮುಗಿಸಬಲ್ಲ. ನಾರಾಯಣ್ ಮುಗಿಸಿದರು, ಬಲಾರ್ಡ್ ಮುಗಿಸಿದ. ತೊಂದರೆ ಇರುವುದು ಕಲೆಯ ಹೆಸರು ಹೇಳಿಕೊಂಡು ನಡೆಯುವ ಅವ್ಯವಸ್ಥೆಯಲ್ಲಿ. ಸ್ಕ್ರಿಪ್ಟ್ ಮುಗಿಯದೆ ಶೂಟಿಂಗ್ ಶುರು ಮಾಡುವುದು, ರಾತ್ರಿ ಹತ್ತಕ್ಕೆ ನಾಳೆ ಬೆಳಿಗ್ಗೆ ಆರರ ಕಾಲ್‌ಶೀಟ್ ಕಳಿಸುವುದು, ಎಡಿಟ್ ಲಾಕ್ ಎಂದು ಘೋಷಿಸಿದ ಮೇಲೂ ಸೆನ್ಸಾರ್ ಹಿಂದಿನ ರಾತ್ರಿ ಸೆಕೆಂಡ್ ಹಾಫ್ ಅಲುಗಾಡಿಸುವುದು: ಇವುಗಳಲ್ಲಿ ಸೃಜನಶೀಲತೆ ಎಂಬುದು ಎಳ್ಳಷ್ಟೂ ಇಲ್ಲ. ಯೋಚಿಸದೆ ಹೊರಟವರ ತಪ್ಪನ್ನು ಕೆಳಗಿನವರ ಮನೆಗಳು ತುಂಬಿಕೊಡುತ್ತಿವೆ.

ಕರ್ನಾಟಕ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆಂದು ಒಂದು ಕಾಯ್ದೆ ಮಾಡಿದೆ. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮುಂತಾದವುಗಳ ಮೇಲೆ ಶೇ. 1ರಿಂದ 2ರವರೆಗೆ ಸೆಸ್ ಹಾಕಿ ಕ್ಷೇಮನಿಧಿ ಕಟ್ಟಲು ಅದರಲ್ಲಿ ಅವಕಾಶವಿದೆ. ಆ ನಿಧಿಯ ಯೋಜನೆಗಳನ್ನು ಬರೆಯಲು ಕೂರುವವರು ಅಪಘಾತ, ಆಸ್ಪತ್ರೆ, ಅಂತ್ಯಸಂಸ್ಕಾರದ ಜೊತೆಗೆ ಹೆರಿಗೆಯನ್ನೂ ಸೇರಿಸಲಿ. ತಾಯಿಯಾದ ಮೇಕಪ್ ಕಲಾವಿದೆಗೆ ಮೊದಲು, ಅಪ್ಪನಾದ ಲೈಟ್‌ಮನ್‌ಗೆ ಆಮೇಲೆ, ಹದಿನೈದೇ ದಿನದ ಭತ್ಯೆಯಾದರೂ ಸರಿ, ಬರೆಯಲಿ.

ಪ್ರೊಡಕ್ಷನ್ ಮ್ಯಾನೇಜರುಗಳಿಗೆ ಇನ್ನೂ ಸಣ್ಣದೊಂದು ಕೋರಿಕೆ, ಇದಕ್ಕೆ ಕಾಯ್ದೆಯೂ ಬೇಡ, ಸೆಸ್ಸೂ ಬೇಡ. ಶುಕ್ರವಾರದ ರಿಲೀಸ್ ದಿನಾಂಕವನ್ನು ತಿಂಗಳುಗಟ್ಟಲೆ ಮೊದಲೇ ಪೋಸ್ಟರ್ ಮೇಲೆ ಹಾಕಿಸುತ್ತೀರಿ. ಸೋಮವಾರದ ಕಾಲ್‌ಶೀಟನ್ನು ಶನಿವಾರ ಮಧ್ಯಾಹ್ನದೊಳಗೆ ಕಳಿಸಿ.